ಅತ್ತರ್ ಮುನಾಫ್ ಸಾಹೇಬರ ಸೊಳ್ಳೆ ದಂಡಯಾತ್ರೆ

ಮಂಡಿಪೇಟೆಯ ಮುನಾಫ್ ಸಾಹೇಬರ ಮೂಗು ಸಾಮಾನ್ಯ ಮೂಗಲ್ಲ. ಉಳಿದವರ ಮೂಗು ಉಸಿರಾಡುವುದಕ್ಕೆ, ಕನ್ನಡಕ ನಿಲ್ಲಿಸುವುದಕ್ಕೆ, ನೆಗಡಿ ಬಂದಾಗ ಒರೆಸುವುದಕ್ಕೆ ಇದೆ. ಸಾಹೇಬರದ್ದು ತೀರ್ಪು ಕೊಡುವುದಕ್ಕೆ ಇದೆ. ನಲವತ್ತೊಂದು ವರ್ಷದಿಂದ ಅವರು ಅತ್ತರಿನ ಅಂಗಡಿಯಲ್ಲಿ ಕೂತಿದ್ದಾರೆ. ಇಬ್ಬರು ಗಿರಾಕಿಗಳು ಒಟ್ಟಿಗೆ ಬಂದರೆ ಒಬ್ಬ ರಸ್ತೆಯಲ್ಲೇ ನಿಲ್ಲಬೇಕಾದ ಆ ಅಂಗಡಿಯ ಕಪಾಟಿನಲ್ಲಿ ಗುಲಾಬಿ, ಮಲ್ಲಿಗೆ, ಲಾವಂಚ, ಕೇದಗೆ, ಶ್ರೀಗಂಧ ಎಲ್ಲವೂ ಹೆಬ್ಬೆರಳ ಗಾತ್ರದ ಶೀಶೆಗಳಲ್ಲಿ ಸೈನ್ಯದಂತೆ ಸಾಲುಗಟ್ಟಿ ನಿಂತಿರುತ್ತವೆ.

ಅಲ್ಲಿ ವ್ಯಾಪಾರಕ್ಕೆ ಮಾತು ಬೇಕಿಲ್ಲ. ಗಿರಾಕಿ ಮೆಟ್ಟಿಲು ಹತ್ತಿದೊಡನೆ ಸಾಹೇಬರು ಒಂದು ಶೀಶೆಯ ಬಿರಡೆ ತೆಗೆಯುತ್ತಾರೆ. ಗಿರಾಕಿ ಮುಷ್ಟಿ ಕಟ್ಟಿ ಕೈ ಚಾಚುತ್ತಾನೆ. ಕೈಯ ಹಿಂಬದಿಗೆ ಬಿರಡೆಯ ತುದಿ ಒಮ್ಮೆ ತಾಕುತ್ತದೆ. ಅವನು ಮೂಸುತ್ತಾನೆ, ಕಣ್ಣು ಮುಚ್ಚುತ್ತಾನೆ. ವ್ಯಾಪಾರ ಅರ್ಧ ಮುಗಿಯಿತು. ಚಾಚಿದ ಕೈ ಕಂಡರೆ ಸಾಹೇಬರ ಬೆರಳು ಸಾಹೇಬರನ್ನು ಕೇಳುವುದೇ ಇಲ್ಲ, ತಾನಾಗಿ ಹೋಗಿ ಸವರಿ ಬರುತ್ತದೆ. ಮುಂದಿನ ಅನಾಹುತಕ್ಕೆಲ್ಲ ಮೂಲ ಈ ಬೆರಳೇ.

ಸಾಹೇಬರ ಮಗಳು ನುಜತ್ ಹರಿಹರದಲ್ಲಿ ಪ್ರೈಮರಿ ಶಾಲೆಯ ಟೀಚರ್. ಆಕೆಯ ಮಗಳು ನಿಖತ್, ಮೂರು ತುಂಬಿ ನಾಲ್ಕು ತಿಂಗಳು. ನಿಖತ್ ಎಂದರೆ ಪರಿಮಳ. ಹೆಸರಿಟ್ಟವರು ಯಾರೆಂದು ಹೇಳಬೇಕಾಗಿಲ್ಲ. ಪ್ರತಿ ಶನಿವಾರ ಮಧ್ಯಾಹ್ನ ನುಜತ್ ಮಗುವನ್ನು ಬಸ್ಸಿನಲ್ಲಿ ಕರೆತಂದು ಅಂಗಡಿಯ ಗಲ್ಲೆಯ ಪಕ್ಕ ಕೂರಿಸಿ ಹೋಗುವಳು. ಮಗು ಅಲ್ಲಿಂದ ಅಜ್ಜನ ಜೊತೆ ಆವರಗೆರೆಯ ಮನೆಗೆ ಹೋಗಿ, ಭಾನುವಾರ ಸಂಜೆಯವರೆಗೆ ಅಲ್ಲಿಯ ರಾಣಿಯಾಗಿ ಆಳುವಳು. ವಾರದ ಉಳಿದ ಐದು ದಿನಗಳನ್ನು ಸಾಹೇಬರು ಬದುಕುತ್ತಿದ್ದುದು ಈ ಎರಡು ದಿನಗಳಿಗೆ ದಾರಿ ಮಾಡಿಕೊಡಲೆಂದು ಮಾತ್ರ.

ಜುಲೈ ತಿಂಗಳ ಒಂದು ಭಾನುವಾರ ಹರಿಹರ ಮುಟ್ಟಿದ ಮೇಲೆ ನುಜತ್ ಮಗುವಿಗೆ ಸ್ನಾನ ಮಾಡಿಸಲು ಕೂತಳು. ಮಗುವಿನ ಕಾಲು ನೋಡಿದಳು. ಬಕೆಟ್ಟು ಪಕ್ಕಕ್ಕಿಟ್ಟು, ಪರೀಕ್ಷೆ ಪೇಪರ್ ತಿದ್ದುವ ಕೆಂಪು ಪೆನ್ನು ತಂದು, ಒಂದೊಂದು ಸೊಳ್ಳೆ ಕಡಿತಕ್ಕೂ ಒಂದೊಂದು ಸುತ್ತು ಹಾಕಿದಳು. ಫೋಟೋ ತೆಗೆದು ಅಪ್ಪನಿಗೆ ಕಳಿಸಿ, ಫೋನ್ ಮಾಡಿದಳು. ಆ ಮನೆಯ ಮಾತು ಉರ್ದು. ಆದರೆ ಸಿಟ್ಟು ಬಂದರೆ ನುಜತ್ ಕ್ಲಾಸಿನ ಅಭ್ಯಾಸದಿಂದ ಕನ್ನಡಕ್ಕೆ ಇಳಿಯುತ್ತಾಳೆ. ಆದ್ದರಿಂದ ಅಪ್ಪನನ್ನು ಕರೆಯುವ ‘ಅಬ್ಬಾ’ ಎಂಬ ಮಾತಿನ ನಂತರ ಕನ್ನಡ ಕೇಳಿದೊಡನೆ ಸಾಹೇಬರು ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಅಬ್ಬಾ, ಹದಿನೇಳು ತಪ್ಪು ಅದಾವು. ಎಣಿಸಿ ನೋಡ್ರಿ."

ತನ್ನ ಕ್ಲಾಸಿನ ಇಬ್ಬರು ಮಕ್ಕಳು ಡೆಂಗಿ ಬಂದು ಮಲಗಿದ್ದಾರೆ, ಸೊಳ್ಳೆಯ ವಿಚಾರ ಇತ್ಯರ್ಥವಾಗುವವರೆಗೆ ನಿಖತ್ ಆವರಗೆರೆಯಲ್ಲಿ ಉಳಿಯುವ ಮಾತಿಲ್ಲ ಎಂದು ಆಕೆ ತೀರ್ಪು ಕೊಟ್ಟಳು. ಈ ತೀರ್ಪಿಗೆ ಮೇಲ್ಮನವಿ ಸಲ್ಲಿಸುವ ಕೋರ್ಟು ಭೂಮಿಯ ಮೇಲಿಲ್ಲ ಎಂದು ಸಾಹೇಬರಿಗೆ ಗೊತ್ತಿತ್ತು. ಅಡುಗೆಮನೆಯಿಂದ ಹೆಂಡತಿ ರಹಮತ್ ಬೀ, ಹಿತ್ತಲ ಡ್ರಮ್ಮಿಗೆ ಮುಚ್ಚಳ ತನ್ನಿ ಎಂದು ರಂಜಾನಿನಿಂದ ಹೇಳುತ್ತಿದ್ದೇನೆ, ಗುಲಾಬಿ ಕುಂಡದ ತಟ್ಟೆಯಲ್ಲಿ ನೀರು ನಿಂತು ಹುಳ ಈಜಾಡುತ್ತಿವೆ ಎಂದು ನೆನಪಿಸಿದರು. ಸಾಹೇಬರ ಕಿವಿಗೆ ಅದು ಬೀಳಲಿಲ್ಲ. ಯುದ್ಧ ಘೋಷಿಸಿದ ದೊರೆಗೆ ಡ್ರಮ್ಮಿನ ಮುಚ್ಚಳ ಯಾವ ಲೆಕ್ಕ?

ಪರಿಮಳದ ವಂಶದವನು ಪರಿಮಳದಿಂದಲೇ ಗೆಲ್ಲಬೇಕೆಂದು ಸಾಹೇಬರು ನಿಶ್ಚಯಿಸಿದರು. ನಿಂಬೆಹುಲ್ಲಿನ ಎಣ್ಣೆ, ಬೇವಿನೆಣ್ಣೆ, ಲವಂಗದೆಣ್ಣೆ, ಕರ್ಪೂರ, ಎಲ್ಲವನ್ನೂ ಕೊಬ್ಬರಿ ಎಣ್ಣೆಯಲ್ಲಿ ಕೂಡಿಸಿ ಮೂರು ದಿನ ಬಿಸಿಲಿಗಿಟ್ಟರು. ತಯಾರಾದದ್ದಕ್ಕೆ ‘ಫತೇಹ್-ಏ-ಆವರಗೆರೆ’, ಅಂದರೆ ಆವರಗೆರೆಯ ವಿಜಯ, ಎಂದು ನಾಮಕರಣವೂ ಆಯಿತು. ಚೀಟಿ ಅಂಟಿಸಿದ ಮೇಲೆ ಪ್ರಯೋಗ ಮಾಡುವುದು ಸಾಹೇಬರ ಪದ್ಧತಿ.

ರಣರಂಗಕ್ಕೆ ಬಾತಿ ಕೆರೆಯ ದಂಡೆ ನಿಗದಿಯಾಯಿತು. ಸಾಕ್ಷಿಯಾಗಿ ಪಕ್ಕದ ಅಂಗಡಿಯ ಕರಿಬಸವರಾಜ ಬಂದರು. ಅವರದು ವಿಭೂತಿ, ಊದುಬತ್ತಿ, ರುದ್ರಾಕ್ಷಿಯ ವ್ಯಾಪಾರ. ಇಪ್ಪತ್ತು ವರ್ಷದಿಂದ ಸಾಹೇಬರ ಎಲ್ಲ ಸಾಹಸಗಳನ್ನೂ ನಗದೆ ನೋಡಿದ ಸ್ನೇಹಿತರು. ಸೂರ್ಯ ಇಳಿಯುವ ಹೊತ್ತಿಗೆ ಸಾಹೇಬರು ಕಲ್ಲಿನ ಮೇಲೆ ಕೂತು ಅಂಗಿಯ ಎಡತೋಳು ಮಡಚಿ, ಮೊಣಕೈಯಿಂದ ಕೆಳಗೆ ಫತೇಹ್ ಸವರಿಕೊಂಡರು. ಕರಿಬಸವರಾಜರು ಗಡಿಯಾರ ಹಿಡಿದರು. ಹತ್ತು ನಿಮಿಷ ಒಂದು ಸೊಳ್ಳೆಯೂ ಹತ್ತಿರ ಸುಳಿಯಲಿಲ್ಲ. ಸಾಹೇಬರು ಆಗಲೇ ಜಯಭೇರಿ ಬಾರಿಸುವ ಮುಖ ಮಾಡಿದರು. ಹದಿನೈದನೇ ನಿಮಿಷಕ್ಕೆ ಒಂದು ಸೊಳ್ಳೆ ಬಂದು ತೋಳಿನ ಮೇಲೆ ಸುತ್ತು ಹಾಕಿತು. ಇಪ್ಪತ್ತೈದಕ್ಕೆ ಅದರ ಬಂಧುಬಳಗ ಬಂತು. ಅರ್ಧ ಗಂಟೆಗೆ ಊಟದ ಪಂಕ್ತಿಯೇ ಕೂತಿತು.

"ಸಾಹೇಬ್ರ," ಎಂದರು ಕರಿಬಸವರಾಜ, ಗಡಿಯಾರದಿಂದ ಕಣ್ಣೆತ್ತದೆ, "ಮೊದಲ ಪಂಕ್ತಿ ಊಟ ಆತು. ಎರಡನೇದು ಕೂತೈತೆ. ಬಡಿಸಾಕ ಏನಾರ ಉಳದೈತೇನ್ರಿ?"

ಅಷ್ಟರಲ್ಲಿ ಲವಂಗವೂ ಕರ್ಪೂರವೂ ಕೂಡಿ ತಮ್ಮ ಕೆಲಸ ಶುರು ಮಾಡಿದ್ದವು. ತೋಳು ಕೆಂಪು ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿ ಉರಿಯತೊಡಗಿತು. ಇದನ್ನೇ ಮಗುವಿಗೆ ಹಚ್ಚಿದ್ದರೆ ಎಂಬ ಯೋಚನೆ ಬಂದು ಸಾಹೇಬರು ಆ ಕಲ್ಲಿನ ಮೇಲೆಯೇ ಸಣ್ಣಗಾದರು. ಫತೇಹ್ ಶೀಶೆ ಕರಿಬಸವರಾಜರ ಮನೆಗೆ ಹೋಯಿತು; ಕೀಲು ಸವೆದ ಅವರ ಗೇಟಿಗೆ ಅದು ಚೆನ್ನಾಗಿ ಹಿಡಿಸಿತೆಂದು ವರದಿ.

ಇನ್ನು ಮೆಡಿಕಲ್ ಶಾಪೇ ಗತಿ. ಆದರೆ ಊರಿಗೆಲ್ಲ ವಾಸನೆ ಹಂಚುವ ಮನುಷ್ಯ ಇನ್ನೊಬ್ಬರ ಅಂಗಡಿಯಲ್ಲಿ ಸೊಳ್ಳೆ ಓಡಿಸುವ ವಾಸನೆ ಕೇಳಿಕೊಂಡು ನಿಂತದ್ದನ್ನು ಯಾರಾದರೂ ಕಂಡರೆ? ಮಂಡಿಪೇಟೆಯಲ್ಲಿ ನಾಲ್ಕು ಮೆಡಿಕಲ್ ಶಾಪಿದ್ದರೂ ಸಾಹೇಬರು ಟೋಪಿ ತುಸು ಮುಂದೆ ಎಳೆದುಕೊಂಡು, ಆಟೋ ಹಿಡಿದು ಸರಸ್ವತಿ ನಗರಕ್ಕೆ ಹೋದರು. ಅಲ್ಲಿಯ ಅಂಗಡಿಯಲ್ಲಿ ನಯನಾ ಎಂಬ ಹುಡುಗಿ ಇದ್ದಳು. ಹೊಸದಾಗಿ ಫಾರ್ಮಸಿ ಓದಿ ಮುಗಿಸಿದವಳು, ಯಾವ ಮಾತ್ರೆಯನ್ನೂ ಎರಡು ಪ್ರಶ್ನೆ ಕೇಳದೆ ಕೊಡದವಳು. ಸಾಹೇಬರು ಗುಟ್ಟಾಗಿ, ಒಂದು ಪಾರ್ಟಿಗೆ ಬೇಕಾಗಿದೆ, ಸೊಳ್ಳೆದು, ಎಂದರು. ಪಾರ್ಟಿಗೆ ವಯಸ್ಸೆಷ್ಟು ಎಂದು ನಯನಾ ಕೇಳಿದಳು. ಮೂರು ವರ್ಷ ನಾಲ್ಕು ತಿಂಗಳು ಎಂದು ಒಪ್ಪಿಕೊಳ್ಳಬೇಕಾಯಿತು.

ಅವಳು ಮೂರು ಟ್ಯೂಬು ತೆಗೆದು ಹಿಂದಿನ ಸಣ್ಣ ಅಕ್ಷರ ಓದಿದಳು. ಒಂದನ್ನು, ಇದರ ಮೇಲೆ ಯಾವ ವಯಸ್ಸಿನವರಿಗೆ ಎಂದೇ ಬರೆದಿಲ್ಲ ಎಂದು ಬದಿಗಿಟ್ಟಳು. ಇನ್ನೊಂದನ್ನು, ಒಳಗೆ ಏನಿದೆ ಎಂದು ಹೇಳದೆ ಬರೀ ಹೂವಿನ ಚಿತ್ರ ಹಾಕಿದ್ದಾರೆ ಎಂದು ಬದಿಗಿಟ್ಟಳು. ಮೂರನೆಯದರ ಮೇಲೆ ಔಷಧದ ಹೆಸರು, ಪ್ರಮಾಣ, ಮಕ್ಕಳ ವಯಸ್ಸು ಮೂರೂ ಇದ್ದವು. ಪ್ರಮಾಣ ಹೆಚ್ಚಿದ್ದರೆ ಹೆಚ್ಚು ಹೊತ್ತು ತಡೆಯುತ್ತದೆಯೇ ಹೊರತು ಸೊಳ್ಳೆಗೆ ಹೆಚ್ಚು ಪೆಟ್ಟು ಬೀಳುವುದಿಲ್ಲ, ಮಗುವಿಗೆ ಸಂಜೆಯ ಆಟದಷ್ಟು ಹೊತ್ತಿಗೆ ಇದು ಸಾಕು ಎಂದು ತಿಳಿಸಿದಳು. ಸಾಹೇಬರು ಮುಚ್ಚಳ ತೆಗೆದು ಮೂಸಿದರು. ಮತ್ತೆ ಮೂಸಿದರು. ನಲವತ್ತೊಂದು ವರ್ಷದ ಮೂಗಿಗೆ ಏನೂ ಸಿಗಲಿಲ್ಲ.

"ಇದರಾಗ ವಾಸನೇನ ಇಲ್ಲಲ್ಲಮ್ಮ. ಖಾಲಿ ಐತೆ."

"ವಾಸನೆ ನಿಮಗಲ್ಲ ಚಾಚಾ, ಸೊಳ್ಳೆಗೆ," ಎಂದಳು ನಯನಾ.

ಆಮೇಲೆ ಅವಳು ನಿಯಮ ಹೇಳಿದಳು, ಸಾಹೇಬರು ಪಾಠದಂತೆ ಒಪ್ಪಿಸಿದರು. ಮಗುವಿನ ಕೈಗೆ ಟ್ಯೂಬು ಕೊಡಬಾರದು. ದೊಡ್ಡವರು ತಮ್ಮ ಅಂಗೈಗೆ ಹಾಕಿಕೊಂಡು ಹಚ್ಚಬೇಕು. ಬಟ್ಟೆಯ ಒಳಗೆ ಬೇಡ, ಗಾಯದ ಮೇಲೆ ಬೇಡ, ಕಣ್ಣು ಬಾಯಿಯ ಹತ್ತಿರ ಬೇಡ. ಮಗುವಿನ ಮುಂದೋಳು, ಕಾಲು, ಕತ್ತು ಸರಿ. ಹಸ್ತಕ್ಕೆ ಮಾತ್ರ ಬೇಡವೇ ಬೇಡ, ಏಕೆಂದರೆ ಮಕ್ಕಳ ಕೈ ಬಾಯಿಗೂ ಕಣ್ಣಿಗೂ ಹೋಗುತ್ತದೆ. ಆಟ ಮುಗಿಸಿ ಒಳಗೆ ಬಂದ ಮೇಲೆ ಸೋಪು ಹಾಕಿ ತೊಳೆದು, ಸೊಳ್ಳೆ ಪರದೆಯೊಳಗೆ ಮಲಗಿಸಬೇಕು. ಮನೆ ಸುತ್ತ ನಿಂತ ನೀರು ಚೆಲ್ಲಬೇಕು. ಡ್ರಮ್ಮಿಗೆ ಮುಚ್ಚಳ ಇದೆಯಾ ಎಂದು ಅವಳು ಕೇಳಿದಾಗ, ಈ ಹುಡುಗಿಗೂ ರಹಮತ್ ಬೀಗೂ ಫೋನ್ ಸಂಪರ್ಕವಿರಬಹುದೆಂದು ಸಾಹೇಬರಿಗೆ ಗುಮಾನಿ ಬಂತು.

ಮರುದಿನ ಸಂಜೆ ಬಾತಿ ಕೆರೆಯಲ್ಲಿ, ಈ ಸಲ ಬಲತೋಳಿನ ಮೇಲೆ, ವಾಸನೆಯಿಲ್ಲದ ಟ್ಯೂಬಿನ ಪರೀಕ್ಷೆ ನಡೆಯಿತು. ಒಂದೂವರೆ ಗಂಟೆ ಕಳೆದರೂ ತೋಳಿನ ಮೇಲೆ ಒಂದೂ ಕೂರಲಿಲ್ಲ. ಬದಲಾಗಿ ಎಲ್ಲವೂ ಗಡಿಯಾರ ಹಿಡಿದ ಕರಿಬಸವರಾಜರ ಕಡೆ ನಡೆದವು. ತಮ್ಮ ಮೂಗಿಗೆ ಸಿಗದ ವಾಸನೆಯೊಂದು ಲೋಕದಲ್ಲಿದೆ, ಅದು ಒಂದು ಸೊಳ್ಳೆಗೆ ಸಿಗುತ್ತದೆ ಎಂಬುದನ್ನು ಅರಗಿಸಿಕೊಳ್ಳಲು ಸಾಹೇಬರಿಗೆ ಎರಡು ಚಹಾ ಬೇಕಾದವು.

ನುಜತ್ ಷರತ್ತಿನ ಮೇಲೆ ಒಪ್ಪಿದಳು. ಭಾನುವಾರ ಸಂಜೆ ತಾನೂ ಬಂದು ಆವರಗೆರೆಯಲ್ಲಿ ಕೂತು ನೋಡುವುದಾಗಿ, ಎಲ್ಲ ಸರಿಯಿದ್ದರೆ ಮುಂದಿನ ಶನಿವಾರದಿಂದ ಮಗುವನ್ನು ಬಿಡುವುದಾಗಿ ಹೇಳಿದಳು. ಆ ಭಾನುವಾರ ಡ್ರಮ್ಮಿಗೆ ಮುಚ್ಚಳ ಬಂದಿತ್ತು, ಕುಂಡದ ತಟ್ಟೆ ಒಣಗಿತ್ತು. ಅಂಗಳದಲ್ಲಿ ಸಾಹೇಬರು ಸ್ಟೂಲಿನ ಮೇಲೆ ಮೊಮ್ಮಗಳನ್ನು ನಿಲ್ಲಿಸಿ, ಮದ್ದನ್ನು ಅಂಗೈಗೆ ಹಾಕಿಕೊಂಡು ನಿಯಮ ಹೇಳುತ್ತಾ ಹಚ್ಚಿದರು. ಕಾಲು ಮುಗಿಯಿತು, ತೋಳು ಮುಗಿಯಿತು, ಕತ್ತು ಮುಗಿಯಿತು. ಬಾಗಿಲಲ್ಲಿ ಕೂತ ನುಜತ್ ಮುಖದಲ್ಲಿ ಸಣ್ಣ ನಗು ಮೂಡಿತು.

ಆಗ ನಿಖತ್ ಮುಷ್ಟಿ ಕಟ್ಟಿ ಕೈ ಚಾಚಿದಳು.

ಅವಳ ತಪ್ಪೇನಿಲ್ಲ. ನಾನಾ, ಅಂದರೆ ಅಜ್ಜ, ಏನನ್ನಾದರೂ ತೆರೆದರೆ ಕೈ ಚಾಚಬೇಕೆಂದು ಅವಳು ಗಲ್ಲೆಯ ಪಕ್ಕ ಕೂತು ಕಲಿತದ್ದು. ಸಾಹೇಬರ ಬೆರಳು ಸಾಹೇಬರನ್ನು ಕೇಳಲಿಲ್ಲ. ಹೋಯಿತು, ಕೈಯ ಹಿಂಬದಿಗೆ ಸವರಿತು, ಬಂತು. ಮಗು ಗಿರಾಕಿಯ ಗತ್ತಿನಲ್ಲಿ ಮೂಸಿ, ವಾಸನೆ ಸಿಗದೆ ಮೂಗು ಉಜ್ಜಿ, ಕಣ್ಣೂ ಉಜ್ಜಿತು. ಆಮೇಲೆ ಎದ್ದ ಅಳುವನ್ನು ಆವರಗೆರೆಯ ಕೊನೆಯ ಮನೆಯವರೂ ಕೇಳಿದರು. ರಹಮತ್ ಬೀ ಓಡಿಬಂದು ತಣ್ಣೀರು ಹೊಯ್ದು ಹೊಯ್ದು ಕಣ್ಣು ತೊಳೆದರು. ಹತ್ತು ನಿಮಿಷದಲ್ಲಿ ಮಗು ಬಿಸ್ಕತ್ತು ಕೇಳಿತು, ಏನೂ ಆಗಿರಲಿಲ್ಲ. ನುಜತ್ ಮಾತ್ರ ಮಗುವಿಗೆ ಚಪ್ಪಲಿ ಹಾಕುತ್ತಿದ್ದಳು.

"ಅಬ್ಬಾ, ಸೊಳ್ಳೆನ ಗೆದ್ರಿ. ನಿಮ್ಮ ಬೆರಳಿಗೆ ಯಾವ ಮದ್ದು ಹಚ್ಚೋದು?"

ಹರಿಹರದ ಬಸ್ಸು ಹೋಯಿತು. ಮುಂದಿನ ಎರಡು ಶನಿವಾರ ಸಾಹೇಬರು ಗಲ್ಲೆಯ ಪಕ್ಕದ ಜಾಗವನ್ನು ಒರೆಸಿ ಒರೆಸಿ ಕೂತರು. ಕೇದಗೆ ಕೇಳಿದವರಿಗೆ ಲಾವಂಚ ಕೊಟ್ಟರು. ಆ ಮೂಗು ಇಷ್ಟು ತಪ್ಪಿದ್ದನ್ನು ಪೇಟೆ ಕಂಡಿರಲಿಲ್ಲ.

ಕೊನೆಗೆ ರಹಮತ್ ಬೀ ಗರಡಿ ತೆರೆದರು. ದಿನಾ ಬೆಳಿಗ್ಗೆ ನಾಷ್ಟಾ ಆದ ಮೇಲೆ ಅವರು ಎದುರು ಕೂತು, ಸಾಹೇಬರ ಅಂಗೈಗೆ ಬೆಣ್ಣೆ ಹಾಕಿ, ತಮ್ಮ ಮುಷ್ಟಿ ಚಾಚುವರು. ಸಾಹೇಬರ ಬೆರಳು ಹೊರಡುವುದು. ರಹಮತ್ ಬೀ ಲಟ್ಟಣಿಗೆಯಿಂದ ಅದಕ್ಕೆ ಒಂದು ಕೊಡುವರು. ಮದುವೆಯಾದ ಮೂವತ್ತೆಂಟು ವರ್ಷದಲ್ಲಿ ಅವರಿಗೆ ಇಂಥ ಸುವರ್ಣಾವಕಾಶ ಸಿಕ್ಕಿರಲಿಲ್ಲ, ಆದ್ದರಿಂದ ಪಾಠದಲ್ಲಿ ಯಾವ ಉದಾಸೀನವೂ ಇರಲಿಲ್ಲ. ಒಂಬತ್ತನೇ ದಿನ ಮುಷ್ಟಿ ಚಾಚಿದರೂ ಬೆರಳು ಅಲುಗದೆ ನಿಂತಿತು. ಹತ್ತನೇ ದಿನ ಅಂಗಡಿಯಲ್ಲಿ ಗಿರಾಕಿಯೊಬ್ಬ ಕೈ ಚಾಚಿದಾಗಲೂ ಅಲುಗಲಿಲ್ಲ. ಅವನು ಸ್ವಲ್ಪ ಹೊತ್ತು ಕೈ ಹಾಗೇ ಹಿಡಿದು ನಿಂತು, ನಂತರ ಪಕ್ಕದಲ್ಲಿ ಊದುಬತ್ತಿ ಕೊಂಡು ಹೋದ. ಕರಿಬಸವರಾಜರು ಸಾಹೇಬರ ತರಬೇತಿ ಇನ್ನೂ ಒಂದು ತಿಂಗಳು ನಡೆಯಲೆಂದು ಹಾರೈಸಿದರು.

ರಹಮತ್ ಬೀ ಮಾಡಿದ ಶಿಫಾರಸಿಗೆ ನುಜತ್ ಕೊನೆಗೂ ಒಲಿದು, ಒಂದೇ ಒಂದು ಶನಿವಾರಕ್ಕೆ ಮಗುವನ್ನು ಬಿಟ್ಟು ಹೋದಳು. ಭಾನುವಾರ ಬೆಳಿಗ್ಗೆ ಬರುತ್ತೇನೆ, ಪೆನ್ನು ತರುತ್ತೇನೆ ಎಂದಳು.

ಆ ಸಂಜೆ ಅಂಗಳದಲ್ಲಿ ಕಾಲು, ತೋಳು, ಕತ್ತು ಮುಗಿದ ಮೇಲೆ ಮುಷ್ಟಿ ಮತ್ತೆ ಬಂತು. ಸಾಹೇಬರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

"ಕೈಗೆ ಬ್ಯಾಡ ಬೇಟಾ. ಕೈ ತಿನ್ನಾಕ ಐತೆ."

ನಿಖತ್ ಇದನ್ನು ಯೋಚಿಸಿ, ಮುಷ್ಟಿಯನ್ನು ಇನ್ನೊಮ್ಮೆ ಚಾಚಿ ನೋಡಿದಳು. ಆಮೇಲೆ ವ್ಯಾಪಾರ ಮುರಿಯಬಾರದೆಂಬಂತೆ ಕಾಲು ಚಾಚಿದಳು. ಆಟ ಮುಗಿಯಿತು, ಸೋಪಿನ ಸ್ನಾನವಾಯಿತು, ರಹಮತ್ ಬೀ ಪರದೆ ಕಟ್ಟಿದರು.

ಬೆಳಿಗ್ಗೆ ಎಂಟಕ್ಕೆ ನುಜತ್ ಬಂದಳು. ಚಹಾ ಕುಡಿಯಲಿಲ್ಲ. ಮಗುವನ್ನು ಬಿಸಿಲಿಗೆ ನಿಲ್ಲಿಸಿ, ಪೆನ್ನಿನ ಟೋಪಿ ಕಚ್ಚಿ ತೆಗೆದು ಪರೀಕ್ಷೆ ಶುರು ಮಾಡಿದಳು. ಕಾಲಿನಲ್ಲಿ ಏನೂ ಇಲ್ಲ. ತೋಳಿನಲ್ಲಿ ಇಲ್ಲ. ಕತ್ತಿನಲ್ಲಿ ಇಲ್ಲ. ಸಾಹೇಬರ ಎದೆ ಒಂದೊಂದು ಇಂಚು ಏರಿತು. ನುಜತ್ ಮಗುವಿನ ಬಲಗೈ ಹಿಡಿದು ತಿರುಗಿಸಿದಳು. ಕೈಯ ಹಿಂಬದಿಯಲ್ಲಿ, ನಟ್ಟನಡುವೆ, ಒಂದು ಕೆಂಪು ಗುಳ್ಳೆ.

ಸಾಹೇಬರ ಕಣ್ಣಮುಂದೆ ಮುಂದಿನ ಶನಿವಾರಗಳೆಲ್ಲ ಖಾಲಿ ಶೀಶೆಗಳಂತೆ ಸಾಲುಗಟ್ಟಿ ನಿಂತವು. ನುಜತ್ ಗುಳ್ಳೆಯನ್ನು ನೋಡಿದಳು, ಅಪ್ಪನನ್ನು ನೋಡಿದಳು, ಮತ್ತೆ ಗುಳ್ಳೆಯನ್ನು ನೋಡಿದಳು.

"ಇಲ್ಲಿ ಹಚ್ಚಿಲ್ಲ ನೀವು."

"ಇಲ್ಲಮ್ಮ," ಎಂದರು ಸಾಹೇಬರು.

"ಆಕಿ ಕೈ ಚಾಚಿದ್ರೂ?"

"ಚಾಚಿದ್ಳು. ಎರಡು ಸರ್ತಿ."

ಬಾಗಿಲಲ್ಲಿ ರಹಮತ್ ಬೀ, ಕೈಯಲ್ಲಿದ್ದ ಲಟ್ಟಣಿಗೆಯ ಸಮೇತ, ಹೌದೆಂದು ತಲೆ ಆಡಿಸಿದರು. ನುಜತ್ ಪೆನ್ನು ಕೈಯ ಹತ್ತಿರ ತಂದಳು. ಸುತ್ತು ಹಾಕಲಿಲ್ಲ. ಗುಳ್ಳೆಯ ಪಕ್ಕದಲ್ಲಿ, ಪೂರ್ತಿ ಅಂಕ ಪಡೆದ ಲೆಕ್ಕಕ್ಕೆ ಹಾಕುವಂಥ ಒಂದು ದೊಡ್ಡ ರೈಟ್ ಗುರುತು ಎಳೆದು, ಅಮ್ಮನ ಕಡೆ ತಿರುಗಿ ಉರ್ದುವಿನಲ್ಲಿ ಚಹಾ ಕೇಳಿದಳು.

ನಿಖತ್ ಆ ಗುರುತನ್ನು ಮೂಸಿ ನೋಡಿ, ಮುಖ ಸಿಂಡರಿಸಿ, ಇನ್ನೊಂದು ಕೈಯನ್ನೂ ಮುಷ್ಟಿ ಕಟ್ಟಿ ಚಾಚಿದಳು.