ಮಳಖೇಡದಿಂದ ರೋಲರ್ ಕೋಸ್ಟರಿನವರೆಗೆ

ಜನವರಿಯ ಕೊನೆಯ ಶನಿವಾರ ಮಧ್ಯಾಹ್ನ ಮಳಖೇಡ ರೋಡ್ ಸ್ಟೇಷನ್ನಿನಲ್ಲಿ ನಾವು ನಾಲ್ವರು ಪ್ಯಾಸೆಂಜರ್ ಗಾಡಿ ಹತ್ತಿದೆವು. ನಾನು, ಐದು ತಿಂಗಳ ಬಸುರಿಯಾದ ನನ್ನ ಹೆಂಡತಿ ರೇಖಾ, ಎಂಟು ವರ್ಷದ ಮಗಳು ಅಂಕಿತಾ, ಮತ್ತು ತೆಂಗಳಿಯಿಂದ ಹಿಂದಿನ ದಿನವೇ ಬಂದಿಳಿದಿದ್ದ ನನ್ನ ಅವ್ವ. ಹೈದರಾಬಾದಿನ ಹೊರಗಿರುವ ಹೆಸರಾಂತ ಥೀಮ್ ಪಾರ್ಕಿಗೆ ನಮ್ಮ ಮೊದಲ ಪ್ರಯಾಣ. ದಾರಿ ಸುಮಾರು ನೂರೈವತ್ತು ಕಿಲೋಮೀಟರು, ರೈಲಿನ ಟಿಕೆಟ್ಟು ತಲೆಗೆ ನೂರು ರೂಪಾಯಿಯೂ ಆಗಲಿಲ್ಲ.

ಈ ಪ್ರಯಾಣಕ್ಕೆ ಕಾರಣ ನನ್ನ ಬಾಯಿ. ನಾನು ಮಳಖೇಡದ ಆದಿತ್ಯನಗರದಲ್ಲಿರುವವನು, ಅಲ್ಲಿನ ಸಿಮೆಂಟ್ ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ. ನಮ್ಮ ಕ್ವಾರ್ಟರ್ಸಿನ ಕಿಟಕಿಯಿಂದ ಕಾರ್ಖಾನೆಯ ಎತ್ತರದ ಟವರ್ ಕಾಣುತ್ತದೆ. ಅಂಕಿತಾ ಚಿಕ್ಕವಳಿದ್ದಾಗ ತುತ್ತು ತಿನ್ನಿಸುವ ಭರದಲ್ಲಿ, ‘ನಾ ದಿನಾ ಅದರ ತುದೀಗಿ ಹತ್ತತೀನಿ ನೋಡು’ ಎಂದು ಹೇಳಿಬಿಟ್ಟಿದ್ದೆ. ನಿಜ ಹೇಳಬೇಕೆಂದರೆ ಮಾಳಿಗೆಯ ಏಣಿ ಹತ್ತುವಾಗಲೇ ನನ್ನ ಅಂಗೈ ಬೆವರುತ್ತದೆ. ಆದರೆ ಮಗಳು ನಂಬಿದಳು, ಗೆಳತಿಯರಿಗೂ ಹೇಳಿದಳು. ಹೋದ ವರ್ಷ ಅವಳ ತರಗತಿಯ ಹುಡುಗಿಯೊಬ್ಬಳು ಈ ಪಾರ್ಕಿಗೆ ಹೋಗಿ ಬಂದು ದೊಡ್ಡ ರೋಲರ್ ಕೋಸ್ಟರಿನ ವರ್ಣನೆ ಮಾಡಿದಳು. ಮಕ್ಕಳು ನೂರಾ ಇಪ್ಪತ್ತು ಸೆಂಟಿಮೀಟರ್ ಇರಬೇಕು, ಪಕ್ಕದಲ್ಲಿ ದೊಡ್ಡವರು ಕೂರಬೇಕು ಎಂಬ ನಿಯಮವನ್ನೂ ತಿಳಿಸಿದಳು. ನಾನು ಧಾರಾಳವಾಗಿ, ‘ನೀ ಅಷ್ಟು ಬೆಳಿ, ನಾ ನಿನ್ನ ಬಾಜೂಕ ಕುಂದ್ರತೀನಿ’ ಎಂದೆ. ಮಕ್ಕಳು ಬೆಳೆಯುವುದಕ್ಕೆ ಕಾಲ ಹಿಡಿಯುತ್ತದೆ ಎಂಬ ಧೈರ್ಯ ನನ್ನದು. ಅವಳೋ ಪ್ರತಿ ತಿಂಗಳ ಒಂದನೇ ತಾರೀಖು ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ ನಿಂತು, ಗೆರೆ ಹಾಕಿಸಿಕೊಂಡು, ವರ್ಷದೊಳಗೆ ಬೆಳೆದೇಬಿಟ್ಟಳು.

ಸೇಡಂನಲ್ಲಿ ಗಾಡಿ ತುಂಬಿತು. ಚಹಾ ಕುಡಿದೆವು, ಬಿಸಿ ಮಿರ್ಚಿ ತಿಂದೆವು. ಕಿಟಕಿಯಾಚೆ ಕೊಯ್ಲಾದ ತೊಗರಿ ಹೊಲಗಳು ಹಿಂದೆ ಸರಿದವು. ತಾಂಡೂರು ದಾಟಿದ ಮೇಲೆ ಡಬ್ಬಿಯಲ್ಲೆಲ್ಲ ತೆಲುಗು. ಅವ್ವನ ತವರು ಚಿಂಚೋಳಿ ಕಡೆಯ ಐನಾಪುರ. ತೆಲುಗು ಅವಳಿಗೆ ಅಷ್ಟಿಷ್ಟು ಬರುತ್ತದೆ, ಅಷ್ಟರಲ್ಲೇ ಎದುರಿನ ಹೆಂಗಸಿನ ಮನೆಯ ಎಮ್ಮೆ ಎಷ್ಟು ಹಾಲು ಕೊಡುತ್ತದೆ ಎಂಬುದರವರೆಗೆ ತಿಳಿದುಕೊಂಡಳು. ಕತ್ತಲಾಗುವ ಹೊತ್ತಿಗೆ ಲಿಂಗಂಪಲ್ಲಿಯಲ್ಲಿ ಇಳಿದು ಸ್ಟೇಷನ್ನಿನ ಹತ್ತಿರದ ಲಾಡ್ಜಿನಲ್ಲಿ ತಂಗಿದೆವು.

ಭಾನುವಾರ ಬೆಳಿಗ್ಗೆ ಒಳ್ಳೆಯ ಚಳಿ. ಎರಡು ಬಸ್ಸು, ಒಂದು ಆಟೋ ಬದಲಿಸಿ ಪಾರ್ಕಿನ ಗೇಟು ಮುಟ್ಟಿದಾಗ ಹತ್ತು ಗಂಟೆ. ಅಲ್ಲಿ ಮೊದಲ ವಿಘ್ನ. ಹೊರಗಿನ ಊಟ ಒಳಗೆ ಬಿಡುವುದಿಲ್ಲವಂತೆ. ನಮ್ಮ ಬುತ್ತಿಯಲ್ಲಿ ನಲವತ್ತು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಎಣ್ಣೆಗಾಯಿ. ನಾಲ್ಕು ಜನರ ಎರಡು ದಿನದ ಪ್ರಯಾಣಕ್ಕೆ ಇದು ಹೆಚ್ಚೆಂದು ರೇಖಾ ಮೊದಲೇ ಹೇಳಿದ್ದಳು. ಅವ್ವ ಒಂದಿಷ್ಟೂ ಬೇಜಾರಾಗದೆ ಗೇಟಿನೆದುರಿನ ಬೇವಿನ ನೆರಳಿಗೆ ನಡೆದಳು. ‘ಬರ್ರಿ, ಕುಂದ್ರಿ. ಉಂಡೇ ಒಳಗ ಹೋಗಮಿ’ ಎಂದು ಗಂಟು ಬಿಚ್ಚಿದಳು. ನಮ್ಮ ಹಾಗೆಯೇ ಬುತ್ತಿ ಹಿಡಿದು ನಿಂತಿದ್ದ ಜಹೀರಾಬಾದಿನ ಒಂದು ಕುಟುಂಬವೂ ಬಂದು ಕೂತಿತು. ಅವರ ಪುಳಿಹೋರ ನಮಗೆ, ನಮ್ಮ ರೊಟ್ಟಿ ಅವರಿಗೆ. ಹನ್ನೊಂದಕ್ಕೆ ಹೊಟ್ಟೆ ಬಿರಿಯುವಂತೆ ತಿಂದು ಒಳಗೆ ಹೋದೆವು.

ಒಳಗಿನದು ಬೇರೆಯದೇ ಲೋಕ. ಪುಟ್ಟ ರೈಲು, ತಿರುಗುವ ಬಟ್ಟಲುಗಳು, ಕೃತಕ ಜಲಪಾತ. ಬಟ್ಟಲಿನಲ್ಲಿ ತಿರುಗಿ ಇಳಿದ ಅವ್ವ ಎಡಕ್ಕೆ ಹೋಗಲು ಹೊರಟು ಬಲಕ್ಕೆ ಹೋದಳು, ನಾವು ನಕ್ಕೂ ನಕ್ಕೂ ಸುಸ್ತಾದೆವು. ಆದರೆ ಅಂಕಿತಾಳ ಕಣ್ಣು ಪ್ರತಿ ಐದು ನಿಮಿಷಕ್ಕೊಮ್ಮೆ ಮೇಲಕ್ಕೆ ಹೋಗುತ್ತಿತ್ತು. ಎಲ್ಲಿಂದ ನೋಡಿದರೂ ಕೋಸ್ಟರಿನ ಕಂಬಿ ಕಾಣುತ್ತಿತ್ತು. ನಾನು ಐಸ್ ಕ್ರೀಮ್ ಕೊಡಿಸಿದೆ, ಫೋಟೊ ತೆಗೆದೆ, ಪಾಯಖಾನೆಗೆ ಎರಡು ಸಲ ಹೋಗಿ ಬಂದೆ. ‘ಯಾಕ್ರಿ, ಅಂಜಿಕಿ ಬರಾಕತ್ತದೇನು?’ ಎಂದು ರೇಖಾ ಮೆಲ್ಲಗೆ ಚುಚ್ಚಿದಳು.

ಕೊನೆಗೆ ಮೂರು ಗಂಟೆಗೆ ಸಾಲಿನಲ್ಲಿ ನಿಂತೆವು. ರೇಖಾ ಕೆಳಗೆ ಬೆಂಚಿನ ಮೇಲೆ ಕೂತಳು. ಸಾಲಿಗೆ ನೆರಳಿದೆಯೆಂದು ಅವ್ವ ನಮ್ಮೊಡನೆ ಬಂದಳು. ಅಳತೆಯ ಕೋಲಿನ ಮುಂದೆ ಅಂಕಿತಾ ಉಸಿರು ಬಿಗಿಹಿಡಿದು ನಿಂತಳು. ಗೆರೆಗಿಂತ ಒಂದು ಬೆರಳು ಮೇಲೆಯೇ ಇದ್ದಳು. ಮುಕ್ಕಾಲು ಗಂಟೆ ತಲೆಯ ಮೇಲೆ ಜನ ಕಿರುಚುವುದನ್ನು ಕೇಳುತ್ತ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದೆವು. ನಮ್ಮ ಸರದಿ ಬಂತು, ಗೇಟು ತೆರೆಯಿತು. ನನ್ನ ಕಾಲು ಏಳಲೇ ಇಲ್ಲ.

‘ಅಪ್ಪಾ, ಬಾ. ನಿನಗೇನು, ದಿನಾ ಟವರ್ ಹತ್ತಾಂವ’ ಎಂದಳು ಅಂಕಿತಾ.

‘ಇಲ್ಲವ್ವಿ. ನಾ ಹತ್ತಿಲ್ಲ. ಒಮ್ಮಿನೂ ಹತ್ತಿಲ್ಲ. ನನಗ ಭಾಳ ಅಂಜಿಕಿ.’

ಅವಳು ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತಳು. ಅತ್ತಿದ್ದರೆ ಎಷ್ಟೋ ಚೆನ್ನಾಗಿತ್ತು. ನನಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು.

ಅಷ್ಟರಲ್ಲಿ ಅವ್ವ ಮುಂದೆ ಬಂದಳು. ‘ಸರಿ ತಮ್ಮಾ, ನಾ ಹೋಗತೀನಿ.’ ಗೇಟಿನಲ್ಲಿ ಕೆಲಸಕ್ಕಿದ್ದ ಹೆಣ್ಣುಮಗಳು ಬಿಪಿ, ಎದೆನೋವು, ಬೆನ್ನುನೋವು ಎಲ್ಲ ವಿಚಾರಿಸಿದಳು. ಅವ್ವ ಒಂದೂ ಇಲ್ಲವೆಂದಳು, ಅದು ನಿಜವೂ ಹೌದು. ಆದರೆ ಸೀರೆ, ಸೆರಗು ಹಾರಾಡುತ್ತವೆ, ಬಿಡುವುದಿಲ್ಲ ಎಂದು ಆ ಹೆಣ್ಣುಮಗಳು ತೆಲುಗಿನಲ್ಲಿ ಹೇಳಿದಳು. ಅವ್ವ ಒಂದು ನಿಮಿಷ ಕೇಳಿಕೊಂಡು ಗೋಡೆಯ ಕಡೆ ತಿರುಗಿದಳು. ತೊಗರಿ ಕೊಯ್ಯಲು ಹೊಲಕ್ಕಿಳಿಯುವಾಗ ಮಾಡುವಂತೆ ನಿರಿಗೆಯನ್ನು ಕಾಲ ನಡುವೆ ಹಿಂದಕ್ಕೆಳೆದು ಕಚ್ಚೆ ಹಾಕಿದಳು, ಸೆರಗನ್ನು ಬೆನ್ನ ಮೇಲಿಂದ ಸುತ್ತಿ ಸೊಂಟಕ್ಕೆ ಬಿಗಿದಳು. ಎಲ್ಲೂ ಒಂದು ಎಳೆ ಜೋತಾಡುತ್ತಿರಲಿಲ್ಲ. ಹೆಣ್ಣುಮಗಳು ಸುತ್ತಲೂ ನೋಡಿ, ಎಳೆದು ಪರೀಕ್ಷಿಸಿ, ನಕ್ಕಳು. ತನ್ನ ತಾಯಿಯೂ ಮೆಣಸಿನ ಹೊಲದಲ್ಲಿ ಹೀಗೇ ಕಟ್ಟುತ್ತಾಳೆಂದು ಹೇಳಿ ಒಳಗೆ ಬಿಟ್ಟಳು. ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಅಜ್ಜಿ ಮೊಮ್ಮಗಳು ಮುಂದಿನ ಸೀಟಿನಲ್ಲೇ ಕೂತರು.

ನಾನು ಕಟಾಂಜನ ಹಿಡಿದು ನಿಂತೆ. ಗಾಡಿ ಮೇಲೇರಿತು, ಬಿತ್ತು, ಎರಡು ಸುತ್ತು ಹಾಕಿತು. ವಾಪಸು ಬಂದಾಗ ಅವ್ವನ ತುರುಬು ಬಿಚ್ಚಿತ್ತು, ಕಣ್ಣಲ್ಲಿ ನೀರು, ಮುಖದ ತುಂಬ ನಗು. ‘ಹೊಟ್ಟ್ಯಾಗಿಂದು ಬಾಯಿಗಿ ಬಂತು ತಮ್ಮಾ. ಭಾಳ ಚೆಂದ ಅದ’ ಎಂದಳು. ಅವಳನ್ನು ಹಾಗೆ ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ, ನಾಚಿಕೆ ಅರೆಗಳಿಗೆ ಮರೆತೇಹೋಯಿತು.

ಅಂಕಿತಾ ನನ್ನ ಹತ್ತಿರ ಬಂದಳು. ಟವರಿನ ಮಾತೆತ್ತಲಿಲ್ಲ. ‘ಮೊದಲು ಸಾವಕಾಶ ಮ್ಯಾಲ ಹೋಗ್ತದ. ಆಮ್ಯಾಲ ಬೀಳ್ತದ, ಎರಡು ಸುತ್ತು ತಿರಗ್ತದ, ಮುಗೀತದ. ಕಣ್ಣ ಮುಚ್ಚಿಕೊಂಡ್ರೂ ನಡೀತದ ಅಪ್ಪಾ’ ಎಂದಳು.

ಇಷ್ಟಾದ ಮೇಲೆ ಇನ್ನೇನು ಹೇಳಲಿ? ಮತ್ತೆ ಸಾಲಿನಲ್ಲಿ ನಿಂತೆವು, ಇಬ್ಬರೇ. ಈ ಸಲ ಕಾಲು ಎದ್ದಿತು, ಹೇಗೆಂದು ನನಗೂ ಗೊತ್ತಿಲ್ಲ. ಸೀಟಿನ ಸರಳು ಎದೆಗೆ ಬಿಗಿಯಾದದ್ದು ನೆನಪಿದೆ. ಆಮೇಲಿನದು ಬರೀ ಗಾಳಿ, ಮತ್ತು ನನ್ನದೇ ಎಂದು ತಡವಾಗಿ ತಿಳಿದ ಒಂದು ಕೂಗು.

ಇಳಿದು ಹೊರಗೆ ಬರುವಲ್ಲಿ ಒಂದು ಕೌಂಟರು. ಕೋಸ್ಟರಿನ ಮೇಲಿದ್ದಾಗ ಯಂತ್ರ ತಾನೇ ತೆಗೆದ ಫೋಟೊಗಳನ್ನು ಅಲ್ಲಿ ಮಾರುತ್ತಾರೆ. ನಮ್ಮದು ಪರದೆಯ ಮೇಲೆ ಬಂತು. ನಾನು ಕಣ್ಣು ಕಿವುಚಿ ಮುಚ್ಚಿದ್ದೇನೆ. ಉಳಿದವರೆಲ್ಲ ಕೈ ಮೇಲೆತ್ತಿ ಮುಂದೆ ನೋಡುತ್ತಿದ್ದಾರೆ. ಅಂಕಿತಾ ಮಾತ್ರ ಮುಂದೆ ನೋಡುತ್ತಿಲ್ಲ. ಅವಳ ಮುಖ ಪೂರ್ತಿ ನನ್ನ ಕಡೆ ತಿರುಗಿದೆ, ಅವಳ ಸಣ್ಣ ಕೈ ನನ್ನ ಮುಷ್ಟಿಯ ಮೇಲಿದೆ.

ಫೋಟೊ ಕೊಂಡೆವು. ಸಂಜೆಯ ಬಸ್ಸಿಗೆಂದು ಗೇಟಿನತ್ತ ನಡೆಯುವಾಗ ಅವಳು ಅದನ್ನು ಯಾರ ಕೈಗೂ ಕೊಡಲಿಲ್ಲ.

‘ನಾಳಿಗಿ ಸಾಲ್ಯಾಗ ಎಲ್ಲರಿಗೂ ತೋರಸತೀನಿ’ ಎಂದಳು.

‘ಬ್ಯಾಡವ್ವಿ. ಅದರಾಗ ನಾ ಹ್ಯಾಂಗ ಅಂಜೀನಿ ನೋಡು.’

‘ಅದಕ್ಕೇ ತೋರಸತೀನಿ’ ಎಂದಳು ಅಂಕಿತಾ. ‘ಅಷ್ಟು ಅಂಜಿದ್ರೂ ನಮ್ಮಪ್ಪ ಬಂದ ಅಂತ ಹೇಳತೀನಿ.’