ಆನೆಗೆ ಹಾಕದ ರೊಟ್ಟಿ

ಮೊದಲ ರೊಟ್ಟಿ ಆಕಳ ಬಾಯಿಗೆ ಹೋಗದೆ ನನ್ನ ಹೆಂಡತಿ ತುತ್ತು ಎತ್ತುವುದಿಲ್ಲ. ಹುಕ್ಕೇರಿಯಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ದನ ಹಿತ್ತಲಲ್ಲೇ ಇರುತ್ತವೆ. ತೊಂದರೆಯಾದದ್ದು ಕೀನ್ಯಾದ ಕಾಡಿನಲ್ಲಿ.

ನನ್ನದು ಗೊಬ್ಬರದಂಗಡಿ. ಹೆಚ್ಚು ಮಾಲು ಖಾಲಿ ಮಾಡಿದವರಿಗೆ ಕಂಪನಿ ಹೆಂಡತಿ ಸಮೇತ ಪರದೇಶ ತೋರಿಸುತ್ತದೆ. ಹಾಗೆ ಹೋದೆವು, ಒಂದು ಡಬ್ಬಿ ಕಡಕ್ ರೊಟ್ಟಿ ಹೊತ್ತುಕೊಂಡು. ಪಟ್ಟಣದ ಹೋಟೆಲಿನಲ್ಲಿ ಕಿಟಕಿಗೆ ಬಂದ ಪಾರಿವಾಳಗಳು ಆಕಳ ಕೆಲಸ ಮಾಡಿದವು.

ಕಾಡಿಗೆ ನಸುಕಿನಲ್ಲೇ ಹೊರಡಿಸಿದರು. ಅವಳಿಗೆ ಸಕ್ಕರೆ ಕಾಯಿಲೆ. ಗುಳಿಗೆ ನುಂಗಿಯಾಗಿತ್ತು, ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹೊತ್ತು ಮೀರಿದರೆ ಬೆವರಿ ಕುಸಿಯುತ್ತಾಳೆ.

ನಮ್ಮ ಗಾಡಿಯ ಡ್ರೈವರ್ ಬಿಗಿ ಮನುಷ್ಯ. ಇಳಿಯಬಾರದು, ಕೂಗಬಾರದು, ಏನೂ ಎಸೆಯಬಾರದು. ಸಿಂಹದ ಹತ್ತಿರ ಒಯ್ಯಪ್ಪಾ ಎಂದರೆ ದಾರಿ ಬಿಟ್ಟು ಒಂದು ಗೇಣು ಸರಿಯಲಿಲ್ಲ. ನಮ್ಮೂರ ಟಂಟಂ ಆಟೋದವನಾಗಿದ್ದರೆ ಸಿಂಹವನ್ನೂ ಹಿಂದಿನ ಸೀಟಿನಲ್ಲಿ ಒತ್ತಿ ಕೂರಿಸುತ್ತಿದ್ದ.

ದಾರಿ ಬದಿಗೆ ಆನೆಯೊಂದು ಬಂತು. ಹೆಂಡತಿ ಡಬ್ಬಿ ತೆರೆದಳು. ಡ್ರೈವರ್ ಕೈ ಅಡ್ಡ ಮಾಡಿದ. ಜನರ ಅಡಿಗೆಯ ರುಚಿ ಹತ್ತಿದ ಆನೆ ನಾಳೆ ಗಾಡಿ ಒಡೆಯುತ್ತದೆ, ಕಡೆಗೆ ಅದಕ್ಕೇ ಗುಂಡಿಕ್ಕಬೇಕಾಗುತ್ತದೆ ಎಂದ. ನನ್ನ ಹರಕು ಇಂಗ್ಲಿಷಿಗೆ ಸಿಕ್ಕಿದ್ದಷ್ಟನ್ನು ಅವಳಿಗೆ ಹೇಳಿದೆ. ಅವಳು ಡಬ್ಬಿ ಮುಚ್ಚಿದಳು.

“ಇನ್ನರ ತಿನ್ನು,” ಎಂದೆ.

“ಹಾಕದ ಹೆಂಗ ತಿನ್ಲಿ?”

“ಆನಿ ದಾಟಿದ ಮ್ಯಾಲ ಒಂದ್ ತುಣುಕು ಒಗಿ. ಇರುವಿ ತಿಂದ್ರೂ ಪುಣ್ಯಾನ.”

“ನನ್ನ ಪುಣ್ಯಕ್ಕ ಯಾವುದರ ಜೀವಾನೂ ಹೋಗೂದು ಬ್ಯಾಡ. ಸುಮ್ನ ಕುಂದರ್ರಿ.”

ಬಿಸಿಲೇರಿತು. ಅವಳ ಹಣೆ ಬೆವರಿತು, ಬೆರಳು ನಡುಗತೊಡಗಿದವು. ಜೇಬಿನ ಬೆಲ್ಲ ಕೊಟ್ಟರೂ ಒಲ್ಲೆ ಎಂದಳು. ನನಗೆ ಹೆದರಿಕೆಯಾಯಿತು. ಹೆದರಿದರೆ ನಾನು ಬೈಯುತ್ತೇನೆ.

“ನಿನ್ನ ನೇಮಕ್ಕ ಕಂಪನಿ ಟಿಕೀಟ್ ತಗಸಿಲ್ಲ,” ಎಂದೆ. “ಇಲ್ಲಿ ಆಕಳಾ ಎಲ್ಲಿಂದ ತರ್ಲಿ?”

ಡ್ರೈವರ್ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಸುಮ್ಮನಾಗಿಸಿದ. ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು, ದನದ ಸಂತೆಯಲ್ಲಿ ಹಲ್ಲು ನೋಡುವವರಂತೆ. ರೊಟ್ಟಿ ಮುರಿದಳು.

“ಬಾಯಿ ತಗೀರಿ.”

ತೆರೆದೆ. ತುರುಕಿದಳು.

“ಆಕಳಾ ಇಲ್ಲಂದ್ರ ಎತ್ತು ನಡೀತೈತಿ. ಮದಿವಿ ಆದಾಗಿಂದ ನಾನ ಮೇಸಾಕತ್ತೇನಿ.”

ಬಾಯಿ ತುಂಬ ಕಡಕ್ ರೊಟ್ಟಿ, ತಿರುಗಿ ಬೈಯಲೂ ಆಗಲಿಲ್ಲ. ನನ್ನ ಅಂಗಿಯ ಮೇಲೆ ಉದುರಿದ ಚೂರುಗಳನ್ನು ಕಾಡಿಗೆ ಬೀಳದಂತೆ ಆರಿಸಿ ಡಬ್ಬಿಗೆ ಹಾಕಿ, ಆಮೇಲೆ ತಾನು ತಿನ್ನತೊಡಗಿದಳು. ಬೆರಳು ನಿಧಾನಕ್ಕೆ ಸ್ಥಿಮಿತಕ್ಕೆ ಬಂದವು.

ಸಂಜೆ ಕಂಪನಿಯವನು, “ಸಿಂಹ ಕಂಡಿತಾ ಸರ್?” ಎಂದು ಕೇಳಿದ. ಕಂಡಿತು ಎಂದೆ. ನಿಜಕ್ಕೂ ಆ ಕಾಡಿನಲ್ಲಿ ನಾನು ಕಣ್ತುಂಬ ನೋಡಿದ್ದು ಅವಳು ರೊಟ್ಟಿ ತಿನ್ನುವುದನ್ನು.