ಕಾರ್ಕಳ ಬಸ್ಸಿನಲ್ಲಿ ಬಂದ ಗಾಜಿನ ಹೂಗಳು

ಅಲ್ಲ, ಮೀನು ಬಸ್ಸಿನ ಮಾಡಿನವರೆಗೆ ಹಾರಿದ್ದು ಸುಳ್ಳು ಎನ್ನುವುದಾದರೆ, ಅದೇ ಮೀನು ತಿರುಗಿ ಗಾಜಿನ ತೊಟ್ಟಿಗೇ ಬಿದ್ದದ್ದು ಹೇಗೆ, ಹೇಳಿ ನೋಡುವ? ಹಾರದೆ ಬೀಳಲಿಕ್ಕೆ ಆಗುತ್ತದೆಯೇ? ಹಿರಿಯಡ್ಕದ ಉಬ್ಬಿನಲ್ಲಿ ಬಸ್ಸು ಎಗರಿತು, ಮೀನೂ ಎಗರಿತು. ಕಂಡಕ್ಟರ್ ಕರುಣಾಕರ ಬಲಗೈಯಲ್ಲಿ ಟಿಕೆಟು ಹರಿಯುತ್ತಲೇ ಎಡಗೈಯಿಂದ ತೊಟ್ಟಿಯನ್ನು ಮೀನಿನ ನೇರಕ್ಕೆ ಸರಿಸಿ ಹಿಡಿದ. ನೀರು ಒಂದು ಹನಿ ಚೆಲ್ಲಲಿಲ್ಲ. ಮೀನಿಗೂ ಟಿಕೆಟು ಕೊಟ್ಟನೋ ಎಂದು ಕೇಳಬೇಡಿ, ಅಷ್ಟು ಸುಳ್ಳು ಹೇಳುವವನು ನಾನಲ್ಲ.

ಕಾರ್ಕಳ–ಉಡುಪಿ ಎಕ್ಸ್‌ಪ್ರೆಸ್ಸಿಗೆ ಮೀಸೆ ಕಪ್ಪಿದ್ದಾಗ ಹತ್ತಿ, ಬಿಳಿಯಾದ ಮೇಲೆ ಇಳಿದವನು ಈ ಕರುಣಾಕರ. ಟಿಕೆಟು ಕೊಡುವುದು ಅವನ ಅರ್ಧ ಕೆಲಸ. ಉಳಿದರ್ಧ, ದಾರಿಯುದ್ದಕ್ಕೂ ಜನ ಕೊಟ್ಟ ಸಾಮಾನನ್ನು ತಲುಪಿಸುವುದು. ರಿಪೇರಿಯಾದ ಕನ್ನಡಕ, ಮದ್ದಿನ ಬಾಟಲಿ, ಮದುವೆಮನೆಗೆ ಮಾಲೆ ಕಟ್ಟಿದ ಮಲ್ಲಿಗೆಯ ಅಟ್ಟೆ, ಒಮ್ಮೆ ಮೊಟ್ಟೆಯ ಮೇಲೆ ಕುಳಿತಿದ್ದ ಹೇಂಟೆ. ಆ ಹೇಂಟೆ ಪರ್ಕಳದಲ್ಲಿ ಹತ್ತಿ ಉಡುಪಿಯಲ್ಲಿ ಮರಿಗಳ ಸಮೇತ ಇಳಿಯಿತು ಎಂದು ಅವನು ಹೇಳುತ್ತಾನೆ. ಇರಲಿ, ಅವನು ಕೈಯಲ್ಲಿ ಹಿಡಿದ ಯಾವ ವಸ್ತುವೂ ಒಡೆದಿರಲಿಲ್ಲ ಎಂಬುದನ್ನು ಮಾತ್ರ ಇಡೀ ರೂಟು ಒಪ್ಪುತ್ತದೆ.

ಒಡೆದದ್ದು ನಿವೃತ್ತನಾದ ಮೇಲೆ. ಅದೂ ಸ್ವಂತ ಮನೆಯಲ್ಲಿ.

ಪರ್ಕಳದ ಆ ಮನೆ ಕಟ್ಟುವಾಗ ಟೈಲ್ಸು, ಕಿಟಕಿ, ಗೋಡೆಯ ಬಣ್ಣ, ಎಲ್ಲ ಅವನದೇ ಆಯ್ಕೆ. ಹೆಂಡತಿ ಕುಶಲಾ ಆರಿಸಿದ್ದು ಒಂದೇ ಒಂದು, ಚಾವಡಿಯ ಮಾಡಿಗೆ ಹಾಕುವ ದೀಪ. ನಾಲ್ಕು ಹಿತ್ತಾಳೆಯ ಕೈ, ಒಂದೊಂದು ಕೈಗೂ ಕೆಳಮುಖವಾಗಿ ಅರಳಿದ ದಾಸವಾಳದಂತಹ ಗಾಜಿನ ಶೇಡು, ಅಂಚಿನಲ್ಲಿ ತಿಳಿಗುಲಾಬಿ. ಮನೆಗೆ ಬಂದವರು ಟೈಲ್ಸು ನೋಡುತ್ತಿರಲಿಲ್ಲ, ದೀಪ ನೋಡುತ್ತಿದ್ದರು. ಆಗ ಕುಶಲಾ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಅವಳು ಕಾರ್ಕಳಕ್ಕೆ ಅಕ್ಕನ ಮನೆಗೆ ಹೋದಾಗ, ಬರುವಷ್ಟರಲ್ಲಿ ಜೇಡರ ಬಲೆ ತೆಗೆದು ಭೇಷ್ ಎನಿಸಿಕೊಳ್ಳಬೇಕೆಂದು ಕರುಣಾಕರನಿಗೆ ಹುಮ್ಮಸ್ಸು ಬಂತು. ಮಾವಿನಕಾಯಿ ಕೀಳುವ ಉದ್ದದ ದೋಟಿಯ ತುದಿಗೆ ಪೊರಕೆ ಕಟ್ಟಿ ಚಾವಡಿಯೊಳಗೆ ತಂದ. ಕೆಲಸ ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ಗೇಟಿನ ಹತ್ತಿರ ಮೀನು ಮಾರುವವನ ಸ್ಕೂಟರಿನ ಹಾರ್ನು ಕೇಳಿತು. ಅವನು ತಿರುಗಿದ. ಅವನು ತಿರುಗಿದರೆ ದೋಟಿ ತಿರುಗಬೇಡವೇ? ನಾಲ್ಕು ದಾಸವಾಳದಲ್ಲಿ ಎರಡು ಉದುರಿದವು.

ಮೀನು ಕೊಳ್ಳಲಿಲ್ಲ. ಚೂರುಗಳನ್ನು ಗುಡಿಸಿ, ಉಳಿದದ್ದರಲ್ಲಿ ಒಂದನ್ನು ಕಳಚಿ, ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿಕೊಂಡು ಉಡುಪಿಗೆ ಬಸ್ಸು ಹತ್ತಿದ. ದೀಪದ ಅಂಗಡಿಯ ಸರ್ವೋತ್ತಮ ಕಾಮತರು ಶೇಡನ್ನು ಬೆಳಕಿಗೆ ಹಿಡಿದು ನೋಡಿದರು.

"ಇದನ್ನೆಲ್ಲ ಈಗ ಯಾರು ತರ್ತಾರೆ ಮಾರಾಯ್ರೆ? ಈಗ ಎಲ್ಲರಿಗೂ ಇದೇ ಬೇಕು, ಮಾಡಿಗೆ ಅಂಟಿಕೊಂಡು ಕೂರುವ ಎಲ್‌ಇಡಿ. ನೋಡಿ, ನೀರುದೋಸೆ ಹಾಗೆ ಉಂಟು. ದೀಪವನ್ನೇ ಬದಲಿಸಿಬಿಡಿ."

"ದೀಪ ಬದಲಿಸಿದ್ರೆ ಹೆಂಡ್ತಿ ನನ್ನನ್ನೇ ಬದಲಿಸ್ತಾಳೆ, ಕಾಮತರೇ."

"ಹಾಗಾದ್ರೆ ಹಳೇ ಅಂಗಡಿಗಳಲ್ಲಿ ಹುಡುಕ್ಬೇಕು. ಫೋಟೋ ಕಳಿಸಿ ನೋಡಿ."

ಫೋಟೋ ಕಳಿಸಿದ. ಕಾಪುವಿನ ಒಂದು ಅಂಗಡಿಯಿಂದ ಒಡನೆ ಉತ್ತರ ಬಂತು: ಇದೇ ಉಂಟು, ಬನ್ನಿ. ಹೋಗಿ ನೋಡಿದರೆ ಬಣ್ಣ ಅದೇ, ದಳ ಅದೇ. ಮನೆಗೆ ತಂದು ಸ್ಟೂಲು ಹತ್ತಿದ. ಶೇಡಿನ ಕುತ್ತಿಗೆ ಅಗಲ! ಹಿತ್ತಾಳೆಯ ಬಟ್ಟಲಿನೊಳಗೆ ಹೋಗುವುದೇ ಇಲ್ಲ. ಫೋಟೋದಲ್ಲಿ ಹೂವು ಕಾಣುತ್ತದೆ, ಕುತ್ತಿಗೆಯ ಅಳತೆ ಎಲ್ಲಿ ಕಾಣುತ್ತದೆ? ಮರಳಿ ಕಾಪುವಿಗೆ ಹೋಗಿ ಕೊಟ್ಟು ಬಂದ. ಅಲ್ಲಿಯ ಕಡಲ ಬದಿಯ ಲೈಟ್‌ಹೌಸು ನೋಡಿ, ಇದಕ್ಕೆ ಶೇಡು ಹುಡುಕುವವನ ಗತಿ ಏನು ಎಂದುಕೊಂಡಾಗ ಸ್ವಲ್ಪ ಸಮಾಧಾನವಾಯಿತಂತೆ.

ನಾಳೆ ಸಂಜೆ ಕುಶಲಾ ಬರುವವಳು. ಆಗ ಅವನೊಳಗಿನ ಹಳೆಯ ಕಂಡಕ್ಟರ್ ಎದ್ದು ಕುಳಿತ. ಮದುವೆ ಕಾಗದದ ದಪ್ಪ ರಟ್ಟನ್ನು ಹಳೆಯ ಶೇಡಿನ ಕುತ್ತಿಗೆಯ ಅಳತೆಗೆ ಉಂಗುರದಂತೆ ಕತ್ತರಿಸಿದ. ಮರುದಿನ ಬೆಳಗ್ಗೆ ಕಾರ್ಕಳಕ್ಕೆ ಹೋಗುವ ಬಸ್ಸು ಪರ್ಕಳಕ್ಕೆ ಬಂದಾಗ, ತನ್ನ ಕೈಕೆಳಗೆ ಕೆಲಸ ಕಲಿತ ಕಂಡಕ್ಟರ್ ರಿತೇಶನಿಗೆ ಅದನ್ನು ಕೊಟ್ಟ.

"ಕಾರ್ಕಳ ಸ್ಟ್ಯಾಂಡಿನ ಹತ್ತಿರ ಹಳೇ ಲೈಟಿನ ಅಂಗಡಿ ಉಂಟಲ್ಲ, ಅಲ್ಲಿ ನಾನು ಕಳಿಸಿದ ಫೋಟೋ ತೋರ್ಸು. ಈ ಉಂಗುರದೊಳಗೆ ಕುತ್ತಿಗೆ ಹೋದ್ರೆ ಮಾತ್ರ ತಾ. ಎರಡು ಬೇಕು."

"ಆಯ್ತು ಕರುಣಣ್ಣ, ಮಧ್ಯಾಹ್ನದ ಟ್ರಿಪ್ಪಿಗೆ ತರ್ತೇನೆ."

ಎಲ್ಲವನ್ನೂ ಹೇಳಿದ ಕರುಣಾಕರ ಒಂದನ್ನು ಹೇಳಲಿಲ್ಲ: ಇದು ಹೆಂಡತಿಗೆ ತಿಳಿಯಬಾರದು ಎಂದು. ರಿತೇಶನಿಗೆ ಅದು ಹೇಗೆ ಗೊತ್ತಾಗಬೇಕು?

ಹನ್ನೊಂದಕ್ಕೆ ಫೋನು ಬಂತು. "ಸಿಕ್ಕಿತು ಅಣ್ಣ! ಅಟ್ಟದಲ್ಲಿ ಇತ್ತು. ಉಂಗುರದಲ್ಲಿ ಬೆರಳು ಹೋದ ಹಾಗೆ ಹೋಯ್ತು." ಕರುಣಾಕರ ಅಂಗಳದಲ್ಲಿ ಎರಡು ಹೆಜ್ಜೆ ಕುಣಿದ. ಮೂರು ಎಂದರೂ ತಪ್ಪಲ್ಲ.

ಮಧ್ಯಾಹ್ನ ಸ್ಟಾಪಿನಲ್ಲಿ ಕಾದು ನಿಂತ. ಬಸ್ಸು ಬಂತು, ಬಾಗಿಲಲ್ಲೂ ಜನ. ರಿತೇಶ ಹಿಂದಿನ ಮೆಟ್ಟಿಲಿನಿಂದ ನಗುತ್ತ ಮುಂದಿನ ಬಾಗಿಲು ತೋರಿಸಿದ. ಅಲ್ಲಿಂದ ಕುಶಲಾ ಇಳಿದಳು. ಸಂಜೆ ಬರಬೇಕಾದವಳು, ಎರಡು ಕೈಯಲ್ಲೂ ಒಂದು ರಟ್ಟಿನ ಪೆಟ್ಟಿಗೆಯನ್ನು ಮಗುವಿನಂತೆ ಎದೆಗೆ ಹಿಡಿದುಕೊಂಡು.

"ರಶ್ ಇತ್ತು ಅಣ್ಣ. ನಿಲ್ಲುವವರ ಸಾಮಾನು ಕೂತವರ ಮಡಿಲಿಗೆ ಅಲ್ವಾ? ನೋಡಿದ್ರೆ ಕುಶಲಕ್ಕನೇ ಕೂತಿದ್ರು. ನಿಮಗೇ ಕೊಡುವುದು ತಾನೆ!" ರಿತೇಶ ಸೀಟಿ ಊದಿದ. ಬಸ್ಸು ಹೋಯಿತು.

ಇಬ್ಬರೂ ನಡೆಯತೊಡಗಿದರು. ಕರುಣಾಕರ ಪೆಟ್ಟಿಗೆಗೆ ಕೈಚಾಚಿದ. ಅವಳು ಕೊಡಲಿಲ್ಲ.

"ಇದ್ರಲ್ಲಿ ಎಂತ ಉಂಟು?" ಎಂದಳು.

"ಎಂತದೋ... ನನಗೂ ಸರಿ ಗೊತ್ತಿಲ್ಲ."

"ನನಗೆ ಗೊತ್ತುಂಟು. ಹಿರಿಯಡ್ಕದಲ್ಲಿ ಮುಚ್ಚಳ ತೆಗೆದು ನೋಡಿದೆ. ಎಷ್ಟು ಒಡೆದದ್ದು?"

"ಮೊನ್ನೆ ಒಂದು ಗೂಬೆ ಬಂದಿತ್ತು ಕುಶಲಾ. ಇಷ್ಟು ದೊಡ್ಡದು. ಕಿಟಕಿಯಿಂದ ಒಳಗೆ ಬಂದು..."

"ಗೂಬೆಯ ಕೈಯಲ್ಲಿ ಎಂತ ಇತ್ತು? ದೋಟಿಯಾ?"

ಕರುಣಾಕರ ಬಾಯಿ ಮುಚ್ಚಿದ. ಅಷ್ಟು ಅಪರೂಪದ ದೃಶ್ಯವನ್ನು ಆ ರಸ್ತೆ ಹಿಂದೆಂದೂ ಕಂಡಿರಲಿಲ್ಲ. ಮನೆ ಸೇರುವವರೆಗೆ ಅವಳು ಪೆಟ್ಟಿಗೆಯನ್ನು ಎದೆಯಿಂದ ಇಳಿಸಲಿಲ್ಲ. ಚಾವಡಿಯಲ್ಲಿ ನಿಂತು ದೀಪದ ಖಾಲಿ ಕೈಗಳನ್ನು ನೋಡಿದಾಗ ಅವಳ ಮುಖ ಒಂದು ಕ್ಷಣ ಬಾಡಿತು. ಅವನು ನೆಲ ನೋಡಿದ.

"ಬೇಕಂತ ಮಾಡಿದ್ದಲ್ಲ. ಕಾಪುವಿಗೆ ಎರಡು ಸರ್ತಿ ಹೋದೆ," ಎಂದ ಮೆಲ್ಲಗೆ.

"ಎರಡು ಸರ್ತಿಯಾ? ಬಿಸಿಲಿಗೆ? ಕೊಡೆಯಾದ್ರೂ ತಕೊಂಡು ಹೋಗಿದ್ರಾ?"

"ಇಲ್ಲ."

ಕುಶಲಾ ಪೆಟ್ಟಿಗೆಯನ್ನು ದಿವಾನದ ಮೇಲಿಟ್ಟು ಸ್ಟೂಲು ಎಳೆದು ತಂದಳು. "ಹತ್ತಿ. ನಾನು ಹಿಡ್ಕೊಳ್ತೇನೆ."

ಹೊಸ ಶೇಡುಗಳು ಸರಿಯಾಗಿ ಕೂತವು. ಆದರೆ ಅಟ್ಟದಲ್ಲಿ ಕೂತು ಕೂತು ಅವುಗಳ ಗುಲಾಬಿ ತುಸು ಹಳದಿಗೆ ತಿರುಗಿತ್ತು. ಕರುಣಾಕರ ಸ್ಟೂಲಿನ ಮೇಲಿಂದಲೇ ಹೆಂಡತಿಯ ಮುಖ ನೋಡಿದ. ಅವಳು ತಲೆ ವಾರೆ ಮಾಡಿ, ಬಾಗಿಲಿಗೆ ಹೋಗಿ ನೋಡಿ, ಅಡುಗೆಮನೆಯಿಂದ ನೋಡಿ, ಕೊನೆಗೆ ಕುರ್ಚಿಯಲ್ಲಿ ಕುಳಿತು ನೋಡಿದಳು.

"ಎರಡೂ ಒಂದೇ ಕಡೆ ಬೇಡ. ಒಂದು ಬಾಗಿಲ ಕಡೆ, ಒಂದು ದೇವರ ಕೋಣೆ ಕಡೆ ಬರ್ಲಿ."

ಕಳಚಿ ಬದಲಿಸಿದ.

"ಊಹೂಂ. ಎದುರುಬದುರು ಬರ್ಲಿ."

ಮತ್ತೆ ಕಳಚಿದ. ಸಣ್ಣ ತಿರುಪುಗಳನ್ನು ತುಟಿಯಲ್ಲಿ ಕಚ್ಚಿಕೊಂಡಿದ್ದರಿಂದ ಎದುರು ಮಾತಾಡುವಂತಿರಲಿಲ್ಲ. ಮಾತಾಡುವ ಮನಸ್ಸೂ ಇರಲಿಲ್ಲ. ದೀಪ ಹಾಕಿದಾಗ ಕುಶಲಾ ಕತ್ತೆತ್ತಿ ನೋಡಿ, "ಹಾಂ, ಈಗ ಚಂದ," ಎಂದು ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

ಅವನು ಸ್ಟೂಲಿನ ಮೇಲೆಯೇ ನಿಂತು, ಆಗಲೇ ಬಿಗಿಯಾಗಿದ್ದ ಕೊನೆಯ ತಿರುಪನ್ನು ಮತ್ತೆ ಬಿಗಿಯುತ್ತಿದ್ದ.

"ಓಯ್, ಇನ್ನೂ ಮೇಲೆಯೇ ಇದ್ದೀರಾ? ಅಕ್ಕ ಕೊಟ್ಟ ಪತ್ರೊಡೆ ಬಿಸಿ ಮಾಡಿದ್ದೇನೆ. ಇಳಿದು ಕೈ ತೊಳ್ಕೊಳ್ಳಿ, ಊಟಕ್ಕೆ ಬನ್ನಿ!"